ವಾಪಸ್ ಹೋದ ಲಾರಿ

ಮೊನ್ನೆಯಿಂದ ಒಂದೇ ಮಾತು ತಲೆಯಲ್ಲಿ ಓಡುತ್ತಿದೆ. "ಇದು ಆಗಲ್ಲ, ವಾಪಸ್ ತಗೊಂಡು ಹೋಗು."

ನಮ್ಮ ಬೀದಿಗೆ ಡಾಂಬರು ಹಾಕುತ್ತಿದ್ದರು. ಲಾರಿ ತುಂಬಾ ತಡವಾಗಿ ಬಂತು. ಮೇಸ್ತ್ರಿ ಕಡ್ಡಿಯಂಥ ಥರ್ಮಾಮೀಟರನ್ನು ರಾಶಿಯೊಳಗೆ ಚುಚ್ಚಿದರು. ನೋಡಿದರು. ಇನ್ನೊಂದು ಕಡೆ ಚುಚ್ಚಿದರು. 92 ಡಿಗ್ರಿ. ಆಗ ಬಂದದ್ದೇ ಆ ಮಾತು.

"ಅಣ್ಣಾ, ಇನ್ನೂ ಹೊಗೆ ಆಡ್ತಿದೆ ನೋಡಿ" ಅಂತ ಡ್ರೈವರ್ ಬೇಡಿಕೊಂಡ. ಪಾಪ, ದಾರಿಯಲ್ಲಿ ಸಿಕ್ಕಿಕೊಂಡದ್ದು ಅವನ ತಪ್ಪಲ್ಲ. ಪಕ್ಕದ ಮನೆಯವರು ಮಾತ್ರ ಗೇಟಿನಿಂದಲೇ "ಕಪ್ಪಗಿದೆ ತಾನೇ, ಹಾಕಿ ಮುಗಿಸ್ರೀ" ಅಂತ ಕೂಗಿದರು. ಅವರ ಮೇಲೆ ನನಗೆ ಇನ್ನೂ ಸಿಟ್ಟಿದೆ. ಮೇಸ್ತ್ರಿ ತಿರುಗಿಯೂ ನೋಡಲಿಲ್ಲ.

ಆಮೇಲೆ ನಾನೇ ಹೋಗಿ ಕೇಳಿದೆ. ಅವರು ಹೇಳಿದ್ದು ಕೇಳಿ ಆಶ್ಚರ್ಯವಾಯಿತು. ಡಾಂಬರು ರಸ್ತೆ ಅಂತೀವಲ್ಲ, ಅದರಲ್ಲಿ 100 ಕೆಜಿಗೆ ಡಾಂಬರು ಇರುವುದು ಸುಮಾರು 5 ಕೆಜಿ ಅಷ್ಟೇ. ಉಳಿದದ್ದೆಲ್ಲ ಜಲ್ಲಿ, ಮರಳು, ಕಲ್ಲಿನ ಪುಡಿ. ಭಾರ ಹೊರುವುದು ಕಲ್ಲು. ಕಚ್ಚಾ ತೈಲದಿಂದ ಪೆಟ್ರೋಲು, ಡೀಸೆಲ್ ಎಲ್ಲ ತೆಗೆದ ಮೇಲೆ ತಳದಲ್ಲಿ ಉಳಿಯುವ ಈ ಕಪ್ಪು ಜಿಗುಟು ಕಲ್ಲನ್ನು ಹಿಡಿದಿಡುವ ಅಂಟು. ಬಿಸಿಯಿದ್ದರೆ ಹರಿಯುತ್ತದೆ, ಆರಿದರೆ ಬಿಗಿಯುತ್ತದೆ. ಅದಕ್ಕೇ ಸುಮಾರು 150 ಡಿಗ್ರಿಯಲ್ಲಿ ಕಲಸಿ, ಆರುವ ಮುಂಚೆ ರೋಲರ್ ಓಡಿಸಬೇಕು. 80ರ ಹತ್ತಿರ ಬಂದರೆ ಎಷ್ಟು ಸಲ ಓಡಿಸಿದರೂ ಕಲ್ಲು ಕಲ್ಲಿಗೆ ಒತ್ತಿ ಕೂರುವುದಿಲ್ಲ. "92 ಇದ್ದದ್ದು ಹರಡೋಷ್ಟರಲ್ಲಿ ಇನ್ನೂ ಇಳಿಯುತ್ತೆ. ನೋಡೋಕೆ ಚೆನ್ನಾಗೇ ಇರುತ್ತೆ ಸಾರ್. ಒಳಗೆಲ್ಲ ಸಂದು" ಅಂದರು.

ಆ ಸಂದಿಗೆ ನೀರು ಇಳಿಯುತ್ತದೆ. ಮೇಲೆ ಗಾಲಿ ಒತ್ತಿದಾಗಲೆಲ್ಲ ಆ ನೀರು ಕಲ್ಲಿನಿಂದ ಡಾಂಬರನ್ನು ಬಿಡಿಸುತ್ತದೆ. ಒಂದು ಕಲ್ಲು ಎದ್ದರೆ ಪಕ್ಕದ್ದೂ ಸಡಿಲ. ಇಷ್ಟು ವರ್ಷ ಹೊಂಡ ಕಂಡಾಗಲೆಲ್ಲ ನಾನು ಮಳೆಗೆ ಬೈದಿದ್ದೇನೆ. ಅವುಗಳಲ್ಲಿ ಎಷ್ಟು ಹೊಂಡ, ಯಾರೋ ವಾಪಸ್ ಕಳಿಸದೆ ಸುಮ್ನೆ ಸುರಿಸಿಕೊಂಡ ಲೋಡಿನಿಂದ ಹುಟ್ಟಿದವೋ! ಅವತ್ತು ಸುರಿಸಿಕೊಂಡಿದ್ದರೆ ನಮಗೂ ಗೊತ್ತಾಗುತ್ತಿರಲಿಲ್ಲ, ಅಲ್ವಾ? ಎಲ್ಲರೂ ಬೇಗ ಮುಗಿಯಲಿ ಅಂತಲೇ ಕಾಯುತ್ತಿದ್ದೆವು. ನಾನೂ ಕೂಡ.

ಸಂಜೆ ಇನ್ನೊಂದು ಲಾರಿ ಬಂತು. ಮೇಸ್ತ್ರಿ ಮತ್ತೆ ಎರಡು ಕಡೆ ಚುಚ್ಚಿ ನೋಡಿದರು. 146. ರೋಲರಿನವನಿಗೆ ಬಾ ಅಂತ ಕೈ ಬೀಸಿದರು.