ಫೋಟೊ ನೆಟ್ಟಗೇ ಇತ್ತು

ಪರೀಕ್ಷೆಗೆ ಅರ್ಜಿ ಹಾಕಲು ಕೊನೆಯ ದಿನ. ರಾತ್ರಿ 11:59ಕ್ಕೆ ಪೋರ್ಟಲ್ ಮುಚ್ಚಬೇಕು. ಅಂಥ ದಿನ ಪೋರ್ಟಲ್‌ನ ಕೋಡ್ ಬರೆಯುವ ನಮ್ಮ ಟೀಮಿನಲ್ಲಿ ಯಾರೂ ಬೇಗ ಮನೆಗೆ ಹೋಗುವುದಿಲ್ಲ. ಎಂಟು ಗಂಟೆಯ ಹೊತ್ತಿಗೆ ಸರ್ವರ್ ಲೋಡ್ ಹಿಡಿತದಲ್ಲೇ ಇತ್ತು. ಹೆಲ್ಪ್‌ಡೆಸ್ಕ್‌ನಿಂದ ಮಾತ್ರ ಒಂದೇ ದೂರು ಮತ್ತೆ ಮತ್ತೆ ಬರತೊಡಗಿತು. "ಫೋಟೊ ತಗೋತಾ ಇಲ್ಲ."

ಸರ್ವರ್ ಬರೆದಿಡುವ ದಾಖಲೆ, ಅಂದರೆ ಲಾಗ್, ತೆಗೆದು ನೋಡಿದೆ. ಅಗಲ 4000, ಎತ್ತರ 3000. ಇನ್ನೊಂದು ನೋಡಿದೆ, ಅದೂ ಹಾಗೇ. ನಾವು ಕೇಳಿದ್ದು ಪಾಸ್‌ಪೋರ್ಟ್ ಅಳತೆ, 35 ಮಿಮೀ ಅಗಲ, 45 ಮಿಮೀ ಎತ್ತರ. ಅಂದರೆ 7:9. ಇವರು ಹಾಕಿರುವುದು ಅಡ್ಡ ಫೋಟೊ. "ಸೂಚನೆ ಓದೋದೇ ಇಲ್ಲ ಜನ" ಅಂತ ಜೋರಾಗಿಯೇ ಹೇಳಿದೆ. ಫೋಟೊ ಉದ್ದಕ್ಕೆ ತೆಗೆದು ಹಾಕಲು ಹೇಳಿ ಅಂತ ಹೆಲ್ಪ್‌ಡೆಸ್ಕ್‌ಗೆ ಮೆಸೇಜ್ ಕಳಿಸಿದೆ.

ಹತ್ತು ನಿಮಿಷದಲ್ಲಿ ಹೆಲ್ಪ್‌ಡೆಸ್ಕ್‌ನ ಮೇಡಂ ಒಂದು ಕಾಲ್ ನನಗೇ ಕೊಟ್ಟರು. ಸಿಂಧನೂರಿನ ಕಡೆಯ ಹುಡುಗಿ.

"ಸರ್, ಫೋಟೊ ಉದ್ದಕ್ಕೇ ಐತ್ರಿ. ನಿಂತು ತೆಗ್ಸೀನಿ."

"ಇಲ್ಲಮ್ಮ, ನನ್ನ ಸ್ಕ್ರೀನ್ ಮೇಲೆ ಕಾಣ್ತಾ ಇದೆ. ಅಡ್ಡ ಇದೆ. ಫೋನ್ ನೆಟ್ಟಗೆ ಹಿಡಿದು ಇನ್ನೊಂದು ತೆಗೆದು ಹಾಕಿ."

"ಮೂರು ಸಲ ತೆಗ್ದೀನ್ರಿ. ನೋಡಿದ್ರ ನೆಟ್ಟಗೇ ಕಾಣ್ತೈತಿ. ಹಸಿರು ಟಿಕ್ ಬರ್ತೈತಿ, ಆಮ್ಯಾಗ ಸಬ್ಮಿಟ್ ಒತ್ತಿದ್ರ ಆಗಲ್ಲ ಅಂತೈತಿ."

ಆ ಹಸಿರು ಟಿಕ್ ಬರೆದವನು ನಾನೇ. ಬ್ರೌಸರ್‌ನಲ್ಲಿ ಅನುಪಾತ ಸರಿ ಇದ್ದರೆ ಮಾತ್ರ ಅದು ಬರುತ್ತದೆ. ಅವಳು ಅಷ್ಟು ಹೇಳಿದ ಮೇಲೆ ನಾನು ಅಲ್ಲೇ ನಿಲ್ಲಬೇಕಿತ್ತು. ಒಂದೇ ಫೈಲು ಬ್ರೌಸರ್‌ನಲ್ಲಿ ಪಾಸು, ಸರ್ವರ್‌ನಲ್ಲಿ ಫೇಲು ಆಗುವುದು ಹೇಗೆ ಅಂತ ಕೇಳಿಕೊಳ್ಳಬೇಕಿತ್ತು. ನಾನು ಕೇಳಿಕೊಳ್ಳಲಿಲ್ಲ. ಬ್ರೌಸರ್ ಹಳೆಯದಿರಬೇಕು, ಬೇರೆ ಫೋನಿಂದ ಪ್ರಯತ್ನಿಸಿ ಅಂದು ಇಟ್ಟುಬಿಟ್ಟೆ. ಲಾಗ್‌ನಲ್ಲಿದ್ದ ಎರಡು ಸಂಖ್ಯೆಗಳ ಮೇಲೆ ನನಗೆ ಅಷ್ಟು ನಂಬಿಕೆ. ಅವಳ ಕಣ್ಣಿನ ಮೇಲೆ ಇರಲಿಲ್ಲ. ಅವಳು ಸುಳ್ಳು ಹೇಳಲು ಯಾವ ಕಾರಣವೂ ಇರಲಿಲ್ಲ, ಅಲ್ವಾ?

ಒಂಬತ್ತೂವರೆಗೆ ಅದೇ ಮೇಡಂ ಬಂದು ಹೇಳಿದರು. "ಆ ಹುಡುಗಿದು ಹೋಯ್ತಂತೆ. ಅವರಣ್ಣನ ಫೋನಿಗೆ ಅದೇ ಫೋಟೊ ವಾಟ್ಸಾಪ್ ಮಾಡಿ, ಅಲ್ಲಿಂದ ಹಾಕಿದರಂತೆ. ಈಗ ಎಲ್ಲರಿಗೂ ಹಾಗೇ ಹೇಳ್ತಾ ಇದ್ದೀನಿ. ಎಲ್ಲರದ್ದೂ ಹೋಗ್ತಾ ಇದೆ."

ಆಗ ಹೊಳೆಯಿತು. ವಾಟ್ಸಾಪ್ ಫೋಟೊ ಕಳಿಸುವಾಗ ಅದನ್ನು ನೆಟ್ಟಗೆ ಮಾಡಿ, ಹೊಸದಾಗಿ ಕುಗ್ಗಿಸಿ ಬರೆಯುತ್ತದೆ. ಒಳಗಿರುವ ಎಕ್ಸಿಫ್ ಮಾಹಿತಿಯನ್ನು, ಅಂದರೆ ಫೋಟೊ ಬಗ್ಗೆ ಕ್ಯಾಮೆರಾ ಫೈಲಿನೊಳಗೇ ಬರೆದಿಡುವ ವಿವರಗಳನ್ನು, ತೆಗೆದುಹಾಕುತ್ತದೆ. ಹಾಗಾದರೆ ತೊಂದರೆ ಇರುವುದು ಎಕ್ಸಿಫ್‌ನಲ್ಲೇ. ನನ್ನ ಫೋನಿನಲ್ಲೇ ನೆಟ್ಟಗೆ ಒಂದು ಫೋಟೊ ತೆಗೆದು ಹಾಕಿದೆ. ಹಸಿರು ಟಿಕ್. ಸಬ್ಮಿಟ್. ತಿರಸ್ಕೃತ. ಅಗಲ 4000, ಎತ್ತರ 3000.

ಫೋನನ್ನು ನಾವು ನೆಟ್ಟಗೆ ಹಿಡಿದರೂ ಒಳಗಿನ ಸೆನ್ಸರ್ ಅಡ್ಡವೇ ಇರುತ್ತದೆ. ಕೆಲವು ಫೋನುಗಳು ಪಿಕ್ಸೆಲ್‌ಗಳನ್ನೇ ತಿರುಗಿಸಿ ಉಳಿಸುತ್ತವೆ. ಇನ್ನು ಕೆಲವು ಅಡ್ಡವಾಗಿಯೇ ಉಳಿಸಿ, ಎಕ್ಸಿಫ್‌ನಲ್ಲಿ ಓರಿಯೆಂಟೇಶನ್ ಅಂತ ಒಂದು ಸಂಖ್ಯೆ ಬರೆಯುತ್ತವೆ. 1ರಿಂದ 8ರವರೆಗೆ. 6 ಇದ್ದರೆ ತೋರಿಸುವಾಗ ಬಲಕ್ಕೆ 90 ಡಿಗ್ರಿ ತಿರುಗಿಸು ಅಂತ ಅರ್ಥ, 8 ಇದ್ದರೆ ಎಡಕ್ಕೆ. 5ರಿಂದ 8ರವರೆಗೆ ಯಾವುದೇ ಇದ್ದರೂ ಅಗಲ ಮತ್ತು ಎತ್ತರ ಅದಲುಬದಲು. 2020ರಲ್ಲಿ ಬಂದ ಕ್ರೋಮ್ 81ರಿಂದ ಈಚೆಗೆ ಬ್ರೌಸರ್ ಈ ಸಂಖ್ಯೆಯನ್ನು ತಾನೇ ಓದಿ ಚಿತ್ರವನ್ನು ನೆಟ್ಟಗೆ ಮಾಡುತ್ತದೆ, ಚಿತ್ರದ ಅಗಲ ಕೇಳಿದರೂ (ನ್ಯಾಚುರಲ್‌ವಿಡ್ತ್) ತಿರುಗಿಸಿದ ಮೇಲಿನದನ್ನೇ ಕೊಡುತ್ತದೆ. ನಮ್ಮ ಸರ್ವರ್ ಕೋಡ್ ಇರುವುದು ಪಿಎಚ್‌ಪಿ ಭಾಷೆಯಲ್ಲಿ, ಅದರಲ್ಲಿ ಚಿತ್ರ ಅಳೆಯುವ ಗೆಟ್‌ಇಮೇಜ್‌ಸೈಜ್ ಆ ಸಂಖ್ಯೆಯನ್ನು ನೋಡುವುದೇ ಇಲ್ಲ. ಫೈಲಿನಲ್ಲಿ ಇದ್ದಂತೆ 4000, 3000 ಅನ್ನುತ್ತದೆ.

ಮೊದಲಿನ ಮೂರು ವಾರ ಇದು ಯಾಕೆ ಗೊತ್ತಾಗಲಿಲ್ಲ? ಆಗ ಬಂದ ಅರ್ಜಿಗಳು ಜಾಸ್ತಿ ಸೈಬರ್ ಸೆಂಟರ್‌ಗಳಿಂದ. ಅಲ್ಲಿ ಸ್ಟುಡಿಯೊ ಫೋಟೊ ಸ್ಕ್ಯಾನ್ ಮಾಡಿ, ಕತ್ತರಿಸಿ ಹಾಕುತ್ತಾರೆ. ಕೊನೆಯ ದಿನ ಮಾತ್ರ ಎಲ್ಲರೂ ಫೋನಿಂದ. ನಮ್ಮ ಟೆಸ್ಟ್ ಫೋಲ್ಡರ್‌ನಲ್ಲಿ ಇದ್ದದ್ದು ಆರು ಚಿತ್ರ. ಒಂದೂ ಕ್ಯಾಮೆರಾದಿಂದ ನೇರವಾಗಿ ಬಂದದ್ದಲ್ಲ.

ಕಾರಣ ಸಿಕ್ಕಿದಾಗ 9:50. ಸರಿಯಾದ ದಾರಿ ನನಗೆ ಗೊತ್ತಿತ್ತು. ಎಕ್ಸಿಫ್ ಓದು, ಪಿಕ್ಸೆಲ್ ತಿರುಗಿಸು, ಆಮೇಲೆ ಅಳೆ. ಆದರೆ ಜನ ಬಳಸುವ ಪ್ರೊಡಕ್ಷನ್ ಸರ್ವರ್‌ನಲ್ಲಿ ಪಿಎಚ್‌ಪಿಯ ಎಕ್ಸಿಫ್ ಎಕ್ಸ್‌ಟೆನ್ಶನ್ ಆನ್ ಆಗಿರಲಿಲ್ಲ. ಅದನ್ನು ಆನ್ ಮಾಡಲು ಚೇಂಜ್ ರಿಕ್ವೆಸ್ಟ್ ಬೇಕು, ಕ್ಲೈಂಟ್ ಕಡೆಯವರ ಒಪ್ಪಿಗೆ ಬೇಕು. ರಾತ್ರಿ ಹತ್ತು ಗಂಟೆಗೆ ಯಾರೂ ಫೋನ್ ಎತ್ತಲಿಲ್ಲ. ಕೊನೆಯ ದಿನ ಸಾವಿರಾರು ಜನ ಬರುತ್ತಾರೆ ಅಂತ ಗೊತ್ತಿದ್ದೂ ಒಪ್ಪಿಗೆ ಕೊಡುವ ಒಬ್ಬರನ್ನಾದರೂ ಆ ರಾತ್ರಿ ಇರಿಸುವುದಿಲ್ಲ. ಇದರ ಬಗ್ಗೆ ಈಗಲೂ ನನಗೆ ಸಿಟ್ಟಿದೆ.

ನಾನು ಒಂದು ಅಡ್ಡದಾರಿ ಹೇಳಿದೆ. ಅನುಪಾತ 7:9 ಇರಲಿ, 9:7 ಇರಲಿ, ಎರಡನ್ನೂ ಒಪ್ಪಿಕೊಳ್ಳೋಣ. ಒಂದೇ ಸಾಲಿನ ಬದಲಾವಣೆ. ಟೀಮ್ ಲೀಡ್ ಕೇಳಿದರು, "ಇದರಿಂದ ಮುಂದೆ ಏನೂ ತೊಂದರೆ ಆಗಲ್ಲ ತಾನೆ?" ಇಲ್ಲ ಅಂದೆ. ಯೋಚಿಸಿ ಹೇಳಿದ್ದಲ್ಲ, ಆ ಕ್ಷಣ ಮುಗಿದರೆ ಸಾಕಾಗಿತ್ತು. 10:20ಕ್ಕೆ ಬದಲಾವಣೆ ಹೋಯಿತು. ದೂರುಗಳು ನಿಂತವು. 11:59ಕ್ಕೆ ಪೋರ್ಟಲ್ ಮುಚ್ಚಿದೆವು. ಮ್ಯಾನೇಜರ್ ಗ್ರೂಪಿನಲ್ಲಿ ಶಹಬ್ಬಾಸ್ ಅಂತ ಹಾಕಿದರು.

ಎರಡು ವಾರದ ಮೇಲೆ ಹಾಲ್ ಟಿಕೆಟ್‌ನ ಟೆಸ್ಟ್ ಪ್ರಿಂಟ್ ಬಂತು. ಟೆಸ್ಟಿಂಗ್‌ನ ಸಹೋದ್ಯೋಗಿ ಒಂದು ಹಾಳೆಯನ್ನು ನನ್ನ ಮೇಜಿನ ಮೇಲಿಟ್ಟು ಏನೂ ಹೇಳದೆ ನಿಂತರು. ಅದರಲ್ಲಿದ್ದ ಹುಡುಗನ ತಲೆ ಎಡಕ್ಕೆ ಮಲಗಿತ್ತು. ಮುಖ ಎರಡೂ ಕಡೆಯಿಂದ ಹಿಚುಕಿದ ಹಾಗೆ ಇತ್ತು.

ಫೋಟೊ ಬಂದ ಕೂಡಲೇ ನಮ್ಮ ಕೋಡ್, ಪಿಎಚ್‌ಪಿಯಲ್ಲಿ ಚಿತ್ರ ತಿದ್ದಲು ಬಳಸುವ ಜಿಡಿ ಲೈಬ್ರರಿಯಲ್ಲಿ, ಅದನ್ನು 350 × 450ಕ್ಕೆ ಕುಗ್ಗಿಸಿ ಉಳಿಸುತ್ತದೆ. ಜಿಡಿ ಓರಿಯೆಂಟೇಶನ್ ನೋಡುವುದಿಲ್ಲ, ಹೊಸ ಫೈಲಿಗೆ ಎಕ್ಸಿಫ್ ಬರೆಯುವುದೂ ಇಲ್ಲ. ಡಿಸ್ಕ್ ಉಳಿಸಲು ನಾವು ಮೂಲ ಫೈಲನ್ನು ಇಟ್ಟುಕೊಂಡಿರಲಿಲ್ಲ. ಯಾವ ಫೋಟೊವನ್ನು ಯಾವ ಕಡೆಗೆ ತಿರುಗಿಸಬೇಕು ಅನ್ನುವ ಆ ಒಂದು ಸಂಖ್ಯೆ ಎಲ್ಲೂ ಉಳಿದಿರಲಿಲ್ಲ. ನನ್ನ ಮೊದಲಿನ ಚೆಕ್ ಆ ಫೋಟೊಗಳನ್ನು ತಪ್ಪು ಕಾರಣಕ್ಕೆ ತಡೆದಿತ್ತು. ನನ್ನ ಅಡ್ಡದಾರಿ ಅವನ್ನು ಕೆಡಿಸಿ ಒಳಗೆ ಬಿಟ್ಟಿತ್ತು.

ಅಂಥವು 612. ಪರೀಕ್ಷಾ ಕೇಂದ್ರದಲ್ಲಿ ಮುಖ ಹೋಲಿಸಿ ಒಳಗೆ ಬಿಡುವುದು ಈ ಫೋಟೊ ನೋಡಿಯೇ. ನಾವು ಮೂವರು ಒಂದೂವರೆ ದಿನ ಕೂತು ಒಂದೊಂದನ್ನೂ ಕಣ್ಣಲ್ಲಿ ನೋಡಿ ಎಡ, ಬಲ ಅಂತ ಗುರುತು ಹಾಕಿದೆವು. ಹಿಚುಕಿದ್ದನ್ನು 4:3ಕ್ಕೆ ಎಳೆದು, ತಿರುಗಿಸಿ, ಮತ್ತೆ ಪ್ರಿಂಟ್ ತೆಗೆದು ನೋಡಿದೆವು. ಕೆಲವು ಮುಖಗಳು ಮಸುಕಾಗಿಯೇ ಉಳಿದವು. ಅವರಿಗೆ ಮಾತ್ರ ಮತ್ತೆ ಫೋಟೊ ಹಾಕಲು ಲಿಂಕ್ ಕಳಿಸಿದೆವು.

ಈಗಿನ ಕೋಡ್‌ನಲ್ಲಿ ಮೊದಲ ಕೆಲಸ ಫೋಟೊವನ್ನು ನೆಟ್ಟಗೆ ಮಾಡುವುದು. ಆಮೇಲೆ ಅಳತೆ, ಆಮೇಲೆ ಕುಗ್ಗಿಸುವುದು. ಜಿಡಿಯ ಇಮೇಜ್‌ರೊಟೇಟ್ ಎಡಕ್ಕೆ ತಿರುಗಿಸುತ್ತದೆ, ಹಾಗಾಗಿ 6 ಇದ್ದರೆ ಮೈನಸ್ 90 ಕೊಡಬೇಕು. ಮೊದಲ ಸಲ ನಾನು ಪ್ಲಸ್ ಕೊಟ್ಟು ಎಲ್ಲರನ್ನೂ ತಲೆಕೆಳಗು ಮಾಡಿದ್ದೆ, ಅದು ಟೆಸ್ಟ್‌ನಲ್ಲೇ ಸಿಕ್ಕಿತು. ಅನುಪಾತದಲ್ಲಿ ಮೊದಲಿನಂತೆಯೇ 5% ಹೆಚ್ಚುಕಮ್ಮಿ ಒಪ್ಪುತ್ತೇವೆ. ಫೋನಿನ 3:4 ಫೋಟೊ 7:9ಕ್ಕಿಂತ ಸುಮಾರು 3.6% ಕಡಿಮೆ, 2% ಇಟ್ಟರೆ ಅದು ಹೊರಗೇ. ಮೂಲ ಫೈಲನ್ನು ಫಲಿತಾಂಶ ಬರುವವರೆಗೂ ಇಡುತ್ತೇವೆ. ಮೊದಲು "ಅನುಪಾತ ಸರಿಯಿಲ್ಲ" ಅಂತಷ್ಟೇ ಇದ್ದ ಸಂದೇಶದಲ್ಲಿ ಈಗ ಸರ್ವರ್ ಕಂಡ ಅಗಲ, ಎತ್ತರ ಮತ್ತು ಸರ್ವರ್ ಕಂಡಂತೆಯೇ ಆ ಫೋಟೊದ ಚಿಕ್ಕ ರೂಪ ಕಾಣುತ್ತದೆ. ಆವತ್ತು ಇದು ಇದ್ದಿದ್ದರೆ, ಆ ಹುಡುಗಿ ತನ್ನ ಮುಖ ಅಡ್ಡ ಮಲಗಿದ್ದನ್ನು ನೋಡಿ ಎಂಟು ಗಂಟೆಗೇ ನನಗೆ ಹೇಳುತ್ತಿದ್ದಳು.

ಟೆಸ್ಟ್ ಫೋಲ್ಡರ್‌ನಲ್ಲಿ ಈಗ ಎಂಟು ಓರಿಯೆಂಟೇಶನ್‌ನ ಎಂಟು ಫೋಟೊ ಇವೆ. ಸಹಿ ಅಪ್‌ಲೋಡ್ ಮಾಡುವ ಜಾಗ ಮಾತ್ರ ಇನ್ನೂ ಹಳೆಯ ಕೋಡ್‌ನಲ್ಲೇ ಓಡುತ್ತಿದೆ. ಅದು ಬೇರೆ ಟೀಮಿನದ್ದು. ಸರಿಮಾಡಿ ಅಂತ ಟಿಕೆಟ್ ಹಾಕಿ ಎರಡು ಸ್ಪ್ರಿಂಟ್, ಅಂದರೆ ಎರಡು ಸುತ್ತಿನ ಕೆಲಸ ಆಯಿತು, ಇನ್ನೂ ಬಾಕಿ ಕೆಲಸಗಳ ಪಟ್ಟಿಯಲ್ಲೇ ಇದೆ. ಮುಂದಿನ ಅಧಿಸೂಚನೆಗೆ ಐದು ವಾರ ಇದೆ. ಬುಧವಾರದ ಪ್ಲಾನಿಂಗ್‌ಗೆ ಆ ಹಾಲ್ ಟಿಕೆಟ್‌ನ ಪ್ರಿಂಟ್ ತೆಗೆದುಕೊಂಡು ಹೋಗುತ್ತಿದ್ದೇನೆ, ಮುಖ ಮತ್ತು ಹೆಸರು ಮುಚ್ಚಿ.