ಕಂಬದ ಮೇಲಿನ ಡಿಗ್ರಿ, ಗಿಡದ ಬುಡದ ಡಿಗ್ರಿ

ನಮ್ಮ ತೋಟದ ವೆದರ್ ಸ್ಟೇಷನ್ ಸೆನ್ಸರ್ ಇರುವುದು ಆಳೆತ್ತರದ ಕಂಬದ ಮೇಲೆ. ಹೂಕೋಸು ಬೆಳೆಯುವುದು ಮೊಣಕಾಲಿನಿಂದ ಕೆಳಗೆ. ಕಂಬಕ್ಕೂ ಗಿಡಕ್ಕೂ ನಡುವೆ ಎರಡು ಮೂರು ಡಿಗ್ರಿ ವ್ಯತ್ಯಾಸ ಬರುತ್ತದೆ, ನೆಲಮಟ್ಟಕ್ಕೆ ಒಂದು ಥರ್ಮಾಮೀಟರ್ ಕೊಡಿ ಎಂದು ಚಳಿಗಾಲದ ಮೊದಲ ಮೀಟಿಂಗ್‌ನಲ್ಲೇ ಕೇಳಿದ್ದೆ. ಆ್ಯಪ್ ಇದೆಯಲ್ಲ ಎಂದರು ಆಫೀಸಿನವರು. ಆಮೇಲೆ ಒಂದು ರಾತ್ರಿ ಹಿಮಕ್ಕೆ ಸಿಕ್ಕಿ ಕೆಳಗಿನ ಪ್ಲಾಟ್ ಹೋಯಿತು. ಈಗಲೂ ಅದರ ಪಕ್ಕ ನಡೆದುಹೋಗುವಾಗ ಹೊಟ್ಟೆ ಉರಿಯುತ್ತದೆ.

ಅದಕ್ಕೆ ಮುಂಚೆ ಮೋಡ ಕವಿದು ತುಂತುರು ಹಿಡಿದಿತ್ತು. ಆ ಸಂಜೆ ಮೋಡ ಚದುರಿತು, ಗಾಳಿಯೂ ನಿಂತಿತು. ಚಳಿಗಾಲದ ತರಕಾರಿ ನೋಡಿಕೊಳ್ಳುವವರು ಎದ್ದು ಕೂರಬೇಕಾದ ಸಂಜೆ ಅದು. ಮೋಡವಿದ್ದರೆ ನೆಲ ಬಿಟ್ಟ ಶಾಖ ಒಂದಷ್ಟು ವಾಪಸ್ ಬರುತ್ತದೆ, ಗಾಳಿಯಿದ್ದರೆ ಮೇಲಿನ ಬೆಚ್ಚನೆ ಪದರ ಕೆಳಗಿನದರ ಜೊತೆ ಬೆರೆಯುತ್ತದೆ. ಎರಡೂ ಇಲ್ಲದಿದ್ದರೆ ಶಾಖವೆಲ್ಲ ಆಕಾಶದ ಪಾಲು. ತಣ್ಣನೆಯ ಗಾಳಿ ಭಾರ, ನೀರಿನ ಹಾಗೆ ತಗ್ಗಿಗೆ ಹರಿದು ಅಲ್ಲೇ ನಿಲ್ಲುತ್ತದೆ. ನಮ್ಮಲ್ಲಿ ಆ ತಗ್ಗು ಎಂದರೆ ಕೆಳಗಿನ ಪ್ಲಾಟ್, ಹೂ ಮುಷ್ಟಿ ಗಾತ್ರಕ್ಕೆ ಬಂದಿದ್ದ ಹೂಕೋಸು.

ಆ್ಯಪ್ ರಾತ್ರಿಯ ಕನಿಷ್ಠ 3 ಡಿಗ್ರಿ ಎಂದಿತು. '3ಕ್ಕೆಲ್ಲ ಕವರ್ ಬೇಡ, ಲೇಬರ್ ಕಳಿಸಿಬಿಡಿ' ಎಂದು ಗ್ರೂಪ್‌ನಲ್ಲಿ ಮೆಸೇಜ್ ಬಂತು. ನರ್ಸರಿಗೆ ಮಾತ್ರ ಚಳಿ ತಡೆಯುವ ಕವರ್ ಎಳೆದೆವು.

ನಡುರಾತ್ರಿ ದಾಟಿದ ಮೇಲೆ ನರ್ಸರಿಯ ಥರ್ಮಾಮೀಟರನ್ನೇ ಕಿತ್ತುಕೊಂಡು ಹೋಗಿ ಹೂಕೋಸಿನ ಸಾಲಿನಲ್ಲಿ ಇಟ್ಟೆ. ಸೊನ್ನೆ ಹತ್ತಿರ ಬಂದು ಇನ್ನೂ ಇಳಿಯುತ್ತಿತ್ತು. ಮ್ಯಾನೇಜರಿಗೆ ಫೋನ್ ಮಾಡಿದೆ.

'ಇಲ್ಲಿ 3 ತೋರಿಸ್ತಿದೆಯಲ್ರೀ?'

'ಸರ್, ಅದು ಕಂಬದ ಲೆಕ್ಕ. ಗಿಡದ ಹತ್ತಿರ ಸೊನ್ನೆಗೆ ಬಂದಿದೆ. ಸ್ಪ್ರಿಂಕ್ಲರ್ ಬಿಡ್ತೀನಿ.'

'ಪಂಪಿನ ಡೀಸೆಲ್‌ಗೆ ಅಪ್ರೂವಲ್ ಕೇಳಿ ಹೇಳ್ತೀನಿ, ತಡೀರಿ.'

ಆ ಕಾಯುವಿಕೆಯ ಒಂದೊಂದು ನಿಮಿಷವೂ ನೆನಪಿದೆ. ಪಂಪ್ ಮನೆಯ ಬಾಗಿಲಲ್ಲಿ ನಾನು, ವಾಲ್ವ್ ಹತ್ತಿರ ಕಾವಲಿನ ಅಣ್ಣ. ಎಲೆ ಮೇಲೆ ಟಾರ್ಚ್ ಬಿಟ್ಟಾಗಲೆಲ್ಲ ಹಿಮದ ಬಿಳಿ ಪುಡಿ ಹೆಚ್ಚಾಗಿ ಕಾಣುತ್ತಿತ್ತು. ಸ್ಪ್ರಿಂಕ್ಲರನ್ನು ಸೊನ್ನೆಗೆ ಇಳಿಯುವ ಮುಂಚೆಯೇ ಬಿಡಬೇಕು, ಗಾಳಿ ಒಣಗಿದ್ದರೆ ಇನ್ನೂ ಬೇಗ. ಏಕೆಂದರೆ ಮೊದಲ ನೀರು ಆವಿಯಾಗುತ್ತ ಎಲೆಯನ್ನು ಮತ್ತಷ್ಟು ತಣ್ಣಗಾಗಿಸುತ್ತದೆ. ಅಪ್ರೂವಲ್ ಬರುವ ಹೊತ್ತಿಗೆ ಕೆಳಗಿನ ಪ್ಲಾಟ್ ಕೈಮೀರಿತ್ತು. ಅಲ್ಲಿ ಸ್ಪ್ರಿಂಕ್ಲರಿಗೆ ನೀರು ಒಯ್ಯುವ ಲ್ಯಾಟರಲ್ ಪೈಪುಗಳನ್ನೂ ಕಳೆ ತೆಗೆಯಲು ಅಡ್ಡ ಎಂದು ಎತ್ತಿಡಿಸಿದ್ದರು. ನಡುವಿನ ಪ್ಲಾಟಿಗೆ ನೀರು ಬಿಟ್ಟೆವು.

ಬೆಳಕು ಹರಿಯುವಾಗ ನಡುವಿನ ಪ್ಲಾಟ್ ಪೂರ್ತಿ ಗಾಜಿನಂಥ ಮಂಜುಗಡ್ಡೆ. ಮ್ಯಾನೇಜರ್ ಬಂದವರೇ 'ಸೂರ್ಯ ಬಂದಾಯ್ತು, ಆಫ್ ಮಾಡಿ' ಎಂದರು. ಕಾವಲಿನ ಅಣ್ಣ ನನ್ನ ಮುಖ ನೋಡಿದ. ಬೇಡ ಎಂದೆ. ಒಂದು ಗ್ರಾಂ ನೀರು ಹೆಪ್ಪುಗಟ್ಟುವಾಗ 80 ಕ್ಯಾಲೊರಿ ಶಾಖ ಬಿಡುತ್ತದೆ, ಎಲೆಯನ್ನು ಸೊನ್ನೆಯ ಆಸುಪಾಸಿನಲ್ಲಿ ಹಿಡಿದಿಡುವುದು ಅದೇ. ಅದೇ ಒಂದು ಗ್ರಾಂ ಆವಿಯಾಗಲು ಹತ್ತಿರ ಹತ್ತಿರ 600 ಕ್ಯಾಲೊರಿ ಎಳೆದುಕೊಳ್ಳುತ್ತದೆ. ನೀರು ನಿಲ್ಲಿಸಿದರೆ ಆ ಶಾಖ ಎಲೆಯಿಂದಲೇ ಹೋಗುತ್ತದೆ, ನೀರೇ ಬಿಡದಿದ್ದುದಕ್ಕಿಂತ ಹೆಚ್ಚು ನಷ್ಟ. ಮಂಜುಗಡ್ಡೆ ಕರಗಿ ತಾನಾಗಿ ಜಾರಿ ಬೀಳುವವರೆಗೂ ಪಂಪ್ ಓಡಿತು. ಮಾತು ಬಿರುಸಾಯಿತು, ಆದರೂ ಪಂಪ್ ಮನೆಯ ಕೀಲಿ ಕೈಬಿಡಲಿಲ್ಲ. ನಡುವಿನ ಪ್ಲಾಟ್ ಉಳಿಯಿತು. ಕೆಳಗಿನ ಹೂಗಳು ಬೆಳಿಗ್ಗೆ ನೀರು ತುಂಬಿದ ಹಾಗಿದ್ದವು, ಬಿಸಿಲೇರಿದ ಮೇಲೆ ಕಂದಿದವು, ಕೆಲವೇ ದಿನಗಳಲ್ಲಿ ಕೊಳೆತ ವಾಸನೆ.

ಗಿಡದ ಹತ್ತಿರ ಹೋಗಿ ನೋಡದೆ ನಿರ್ಧರಿಸುವ ಇದೇ ರೋಗ, ಔಷಧಿ ಹೊಡೆಯುವ ನಮ್ಮ ಸ್ಪ್ರೇ ಚಾರ್ಟಿಗೂ ಇದೆ. ಆ ಚಳಿಯ ಹಿಂದೆಯೇ ಮಧ್ಯಾಹ್ನಗಳು ಬೆಚ್ಚಗಾದವು, ಹೆಣ್ಣಿನ ವಾಸನೆ ಇಟ್ಟು ಪತಂಗ ಹಿಡಿಯುವ ಮೋಹಕ ಬಲೆಗಳಲ್ಲಿ, ಕೋಸಿನ ಎಲೆ ತಿನ್ನುವ ಹುಳುವಿನ ತಾಯಿತಂದೆಯಾದ ವಜ್ರಬೆನ್ನಿನ ಪತಂಗ ತುಂಬಿತು. ಆಫೀಸಿನಿಂದ ಪೈರೆಥ್ರಾಯ್ಡ್, ಅಂದರೆ ಒಳ್ಳೆಯದು ಕೆಟ್ಟದ್ದು ನೋಡದೆ ಕೀಟಗಳನ್ನೆಲ್ಲ ಕೊಲ್ಲುವ ರಾಸಾಯನಿಕ, ಹೊಡೆಯಲು ಆರ್ಡರ್. ಬಲೆಗೆ ಬೀಳುವುದು ಗಂಡು ಪತಂಗ. ಹುಳು ಎಷ್ಟಿದೆ ಎನ್ನುವುದು ಎಲೆಯ ಅಡಿಯಲ್ಲೇ ಗೊತ್ತಾಗಬೇಕು. ಸಾಲು ಸಾಲು ತಿರುಗಿ ಹುಳು ಹುಡುಕುವ ಸ್ಕೌಟಿಂಗ್ ಅಕ್ಕಂದಿರು ಎಲೆ ಮಗುಚಿ ನೋಡಿದಾಗ ಹುಳುಗಳ ಪಕ್ಕದಲ್ಲೇ, ಹುಳುವನ್ನು ಒಳಗಿನಿಂದ ತಿಂದು ಕೊಲ್ಲುವ ಪರಾವಲಂಬಿ ಕಣಜದ ಬಿಳಿ ಗೂಡುಗಳು ಸಿಕ್ಕವು. ಅಂದರೆ ನಮ್ಮ ಪರವಾಗಿ ಕೆಲಸ ಆಗಲೇ ನಡೆದಿತ್ತು.

ವಾದ ಮಾಡಿ ಹೂಕೋಸಿಗೆ ಬಿಟಿ, ಅಂದರೆ ಎಲೆ ತಿನ್ನುವ ಹುಳುಗಳನ್ನು ಕೊಲ್ಲುವ ಬ್ಯಾಕ್ಟೀರಿಯಾ ಔಷಧಿ, ಹೊಡೆಸಿದೆ. ಬಿಸಿಲಿಗೆ ಬಿಟಿ ಬೇಗ ಸತ್ವ ಕಳೆದುಕೊಳ್ಳುತ್ತದೆ, ಅದಕ್ಕೆ ಸಂಜೆ. ಕೋಸಿನ ಎಲೆ ಮೇಣದ ಎಲೆ, ಅದಕ್ಕೆ ಔಷಧಿ ಅಂಟಿಸುವ ಸ್ಟಿಕ್ಕರ್ ದ್ರಾವಣ. ಎಲೆಯಡಿಗೂ ತಾಗಬೇಕು. ಮರುದಿನ ಬೆಳಿಗ್ಗೆ 'ಹುಳ ಇನ್ನೂ ಒದ್ದಾಡ್ತಿದೆಯಲ್ಲ, ಔಷಧಿ ಕೆಲಸ ಮಾಡಿಲ್ಲ' ಎಂದು ಫೋಟೋ ಬಂತು. ಬಿಟಿ ತಿಂದ ಹುಳು ಕೆಲವು ಗಂಟೆಗಳಲ್ಲೇ ತಿನ್ನುವುದು ನಿಲ್ಲಿಸುತ್ತದೆ, ಸಾಯಲು ಎರಡು ಮೂರು ದಿನ ಬೇಕು. ಎಣಿಸಬೇಕಾದ್ದು ಹೊಸ ತೂತು, ಒದ್ದಾಡುವ ಹುಳುವಲ್ಲ. ಅಷ್ಟರಲ್ಲಿ ಎಲೆಕೋಸಿಗೆ ಪೈರೆಥ್ರಾಯ್ಡ್ ಬಿದ್ದೇ ಬಿಟ್ಟಿತು. ಗುಲಗಂಜಿ ಹುಳು, ಕಣಜ ಎಲ್ಲ ಕಾಣೆಯಾದವು. ಹಿಂದೆಯೇ ಸಸ್ಯಹೇನು ಎಲೆಕೋಸಿನ ಗಡ್ಡೆಯ ಒಳಗಿನವರೆಗೂ ಹೋಯಿತು.

ಈ ಪತಂಗದ ಚರಿತ್ರೆ ಗೊತ್ತಿದ್ದವರು ವಾರಕ್ಕೊಂದು ಸ್ಪ್ರೇ ಎಂದು ಚಾರ್ಟ್ ಬರೆಯುವುದಿಲ್ಲ. ಡಿಡಿಟಿ ಎಂಬ ಹಳೆಯ ಕೀಟನಾಶಕಕ್ಕೆ ಇದು ಜಗ್ಗುತ್ತಿಲ್ಲ ಎಂದು ಜಾವಾದಿಂದ 1953ರಲ್ಲೇ ವರದಿಯಾಯಿತು. ಹೊಲದಲ್ಲಿ ಬಿಟಿಗೂ ನಿರೋಧಕತೆ ಬೆಳೆಸಿಕೊಂಡ ಮೊದಲ ಕೀಟವೂ ಇದೇ, 1990ರಲ್ಲಿ ಹವಾಯಿಯಿಂದ ಅದು ವರದಿಯಾಯಿತು. ಹಾಗಾಗಿ ನನ್ನ ಪ್ರೀತಿಯ ಬಿಟಿಯನ್ನೂ ಎಲೆ ಮಗುಚದೆ ಹೊಡೆಯಲು ನಾನು ಒಪ್ಪುವುದಿಲ್ಲ.

ಕವರಿನ ವಿಷಯದಲ್ಲೂ ಈಗ ಅದೇ ಕ್ರಮ: ಮೊದಲು ಸ್ಕೌಟಿಂಗ್, ಆಮೇಲೆ ಕವರ್. ಹೇನು ಒಳಗೆ ಉಳಿದರೆ ಬೆಚ್ಚಗೆ, ಶತ್ರುಗಳ ಕಾಟವಿಲ್ಲದೆ ಮರಿ ಹಾಕುತ್ತದೆ. ಮೋಡವಿಲ್ಲದ ಸಂಜೆ ಬರುವ ಲಕ್ಷಣ ಕಂಡರೆ ಹಗಲಲ್ಲೇ ಒಣ ಮಣ್ಣಿಗೆ ನೀರು ಕೊಡುತ್ತೇವೆ, ಹಸಿ ಮಣ್ಣು ಹಗಲಿನ ಶಾಖ ಹೆಚ್ಚು ಹಿಡಿದಿಡುತ್ತದೆ. ಬಿಸಿಲು ಬಂದ ಕೂಡಲೇ ಕವರ್ ತೆಗೆಯುತ್ತೇವೆ, ಸೆಕೆಗೆ ಹೂಕೋಸಿನ ಹೂ ಸಡಿಲವಾಗುತ್ತದೆ.

ಕೆಳಗಿನ ಪ್ಲಾಟಿನಲ್ಲಿ ಈಗ ಗಿಡದ ಎತ್ತರಕ್ಕೆ ಥರ್ಮಾಮೀಟರ್ ಇದೆ, ಲ್ಯಾಟರಲ್‌ಗಳು ಚಳಿಗಾಲ ಮುಗಿಯುವವರೆಗೆ ಅಲ್ಲೇ ಇರುತ್ತವೆ. ರಾತ್ರಿ ಫೋನ್ ಮಾಡದೆ ಪಂಪ್ ಚಾಲೂ ಮಾಡುವ ಅಧಿಕಾರ ಮಾತ್ರ ಕಾವಲಿನವರಿಗೆ ಇನ್ನೂ ಸಿಕ್ಕಿಲ್ಲ. ಬರೆದುಕೊಟ್ಟ ಅರ್ಜಿ ಆಫೀಸಿನಲ್ಲಿದೆ, ಮುಂದಿನ ಮೀಟಿಂಗ್‌ನಲ್ಲಿ ಮತ್ತೆ ಕೇಳುತ್ತೇನೆ.