10.86 ಎಲ್ಲಿಂದ ಬಂತು?

ನನ್ನದು ಕ್ಯಾಲಿಬ್ರೇಷನ್ ಲ್ಯಾಬಿನಲ್ಲಿ ಕೆಲಸ. ತಕ್ಕಡಿ, ತೂಕದ ಬಟ್ಟು, ಥರ್ಮಾಮೀಟರ್, ಪ್ರೆಷರ್ ಗೇಜ್ ಎಲ್ಲ ನಮ್ಮ ಟೇಬಲ್ಲಿಗೆ ಬರುತ್ತವೆ. ಅವು ತೋರಿಸುವ ಅಂಕಿ ಸರಿಯಿದೆಯಾ, ತಪ್ಪಿದ್ದರೆ ಎಷ್ಟು ತಪ್ಪು ಎಂದು ನೋಡಿ ಬರೆದುಕೊಡುತ್ತೇವೆ. ಬೆಳಗಿನಿಂದ ಸಂಜೆಯವರೆಗೆ ತಪ್ಪು ಹುಡುಕುವುದೇ ಕೆಲಸ. ಕೆಲವು ವರ್ಷಗಳಿಂದ ಹೈಸ್ಕೂಲ್ ಮಕ್ಕಳ ವಿಜ್ಞಾನ ಪ್ರಾಜೆಕ್ಟಿಗೆ ಮೆಂಟರ್ ಆಗಿಯೂ ಹೋಗುತ್ತಿದ್ದೇನೆ. ಇದಕ್ಕೆ ಸಂಬಳ ಇಲ್ಲ. ಆದರೆ ಸಂಬಳ ಕೊಡುವ ಕೆಲಸವನ್ನು ನಾನು ಈಗ ಮಾಡುವ ರೀತಿ ಅಲ್ಲಿಂದಲೇ ಬಂದದ್ದು.

ಮೊದಲ ವರ್ಷ ನನಗೆ ಸಿಕ್ಕಿದ್ದು ಒಂಬತ್ತನೇ ಕ್ಲಾಸಿನ ನಾಲ್ಕು ಮಕ್ಕಳು. ಲೋಲಕ ಕಟ್ಟಿ ಗುರುತ್ವದ ವೇಗೋತ್ಕರ್ಷ, ಅಂದರೆ ಬೀಳುವ ವಸ್ತುವಿನ ವೇಗ ಪ್ರತಿ ಸೆಕೆಂಡಿಗೆ ಎಷ್ಟು ಹೆಚ್ಚುತ್ತದೆ ಎಂದು ಅಳೆಯುತ್ತೇವೆ ಅಂತ ಅವರೇ ಆರಿಸಿಕೊಂಡಿದ್ದರು. ಬೇಕಾದ ಸಾಮಾನು ಬಹಳ ಕಡಿಮೆ. ಒಂದು ದಾರ, ಅದರ ತುದಿಗೆ ಕಬ್ಬಿಣದ ನಟ್, ಒಂದು ಅಳತೆ ಟೇಪು, ಒಂದು ಸ್ಟಾಪ್‌ವಾಚ್. ನಟ್ಟನ್ನು ಸ್ವಲ್ಪ ಪಕ್ಕಕ್ಕೆ ಎಳೆದು ಬಿಡಬೇಕು. ಹೋಗಿ ವಾಪಸ್ ಬಂದರೆ ಒಂದು ಆಂದೋಲನ. ಇಪ್ಪತ್ತು ಆಂದೋಲನಕ್ಕೆ ಎಷ್ಟು ಸೆಕೆಂಡ್ ಆಯಿತು ನೋಡಿ, ಇಪ್ಪತ್ತರಿಂದ ಭಾಗಿಸಿದರೆ ಒಂದರ ಅವಧಿ ಸಿಗುತ್ತದೆ. ಮೀಟರಿನಲ್ಲಿ ಅಳೆದ ದಾರದ ಉದ್ದವನ್ನು 39.48ರಿಂದ (ಸೂತ್ರದಲ್ಲಿ ಬರುವ 4π²) ಗುಣಿಸಿ, ಆ ಅವಧಿಯ ವರ್ಗದಿಂದ ಭಾಗಿಸಿದರೆ ಉತ್ತರ. ಪುಸ್ತಕದಲ್ಲಿರುವುದು 9.8.

ಮಕ್ಕಳಿಗೆ ಬಂದದ್ದು ಹನ್ನೊಂದರ ಹತ್ತಿರ.

ನಾನು ಅವರು ಎಣಿಸುವುದನ್ನು ನೋಡಿದೆ. ನಟ್ಟನ್ನು ಬಿಡುವ ಕ್ಷಣದಲ್ಲೇ ಒಬ್ಬಳು ‘ಒಂದು’ ಎನ್ನುತ್ತಿದ್ದಳು. ಅದು ಹೋಗಿ ವಾಪಸ್ ಬಂದಾಗ ‘ಎರಡು’. ಹಾಗಾದರೆ ‘ಇಪ್ಪತ್ತು’ ಎಂದಾಗ ಆಗಿರುವುದು ಹತ್ತೊಂಬತ್ತೇ ಆಂದೋಲನ. ತಪ್ಪು ಹುಡುಕುವುದು ನನ್ನ ಕಸುಬು, ಅರ್ಧ ನಿಮಿಷದಲ್ಲಿ ಗೊತ್ತಾಯಿತು. ತಕ್ಷಣ ಹೇಳಿಬಿಟ್ಟೆ: ‘ಬಿಡುವಾಗ ಸೊನ್ನೆ ಅನ್ನಿ, ಒಂದು ಅನ್ನಬೇಡಿ.’ ಅವರು ಸರಿಮಾಡಿಕೊಂಡರು. 9.8 ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು. ಒಳ್ಳೆಯ ಕೆಲಸ ಮಾಡಿದೆ ಅಂದುಕೊಂಡು ಮನೆಗೆ ಹೋದೆ.

ಮುಂದಿನ ಭೇಟಿಯಲ್ಲಿ ವ್ಯತ್ಯಾಸ ಕಾಣಿಸಿತು. ಪ್ರತಿ ಹೆಜ್ಜೆಗೂ ನನ್ನ ಮುಖ ನೋಡುತ್ತಿದ್ದರು. ‘ಇದು ಸರೀನಾ ಮೇಡಂ?’ ‘ಈಗ ಬಿಡ್ಲಾ ಮೇಡಂ?’ ಮೊದಲ ದಿನ ತಮ್ಮತಮ್ಮಲ್ಲೇ ಜಗಳ ಆಡಿಕೊಂಡು ಕೆಲಸ ಮಾಡುತ್ತಿದ್ದ ಮಕ್ಕಳು ಇವರೇನಾ ಅನ್ನಿಸಿತು.

ಆಮೇಲೆ ಒಬ್ಬಳ ನೋಟ್‌ಬುಕ್ ನೋಡಿದೆ. ಐದು ಸಲ ಅಳತೆ ಮಾಡಿದ್ದಳು. ಐದೂ ಸಲ 40.14 ಸೆಕೆಂಡ್. ಕೈಯಲ್ಲಿ ಸ್ಟಾಪ್‌ವಾಚ್ ಒತ್ತುವಾಗ ಇದು ಆಗುವ ಮಾತಲ್ಲ. ಕಣ್ಣು ನೋಡಿ ಬೆರಳು ಒತ್ತುವುದಕ್ಕೇ ಸೆಕೆಂಡಿನ ಐದರಲ್ಲೊಂದು ಭಾಗ ಹಿಡಿಯುತ್ತದೆ. ಅದೂ ಪ್ರತಿ ಸಲ ಒಂದೇ ಥರ ಇರುವುದಿಲ್ಲ. ನಮ್ಮ ಲ್ಯಾಬಿನಲ್ಲಿ ಐದು ರೀಡಿಂಗ್ ಹೀಗೆ ಅಚ್ಚು ಹೊಡೆದಂತೆ ಬಂದರೆ ಮೊದಲು ಅನುಮಾನ ಪಡುತ್ತೇವೆ. ಮೆಲ್ಲಗೆ ಕೇಳಿದೆ. ಅವಳು ತಲೆ ತಗ್ಗಿಸಿ ಹೇಳಿದಳು: ‘ಉತ್ತರ 9.8 ಬರಬೇಕಲ್ವಾ ಮೇಡಂ?’

ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಅವಳಿಗೆ ಅದನ್ನು ಕಲಿಸಿದ್ದು ನಾನೇ. ಹನ್ನೊಂದು ಬಂದಾಗ ನಾನು ಓಡಿಬಂದು ಸರಿಮಾಡಿದೆ. 9.8 ಬಂದಾಗ ಚಪ್ಪಾಳೆ. ಆ ಮಗುವಿಗೆ ಅರ್ಥವಾದದ್ದು ಅಷ್ಟೇ: ಗುರಿ 9.8, ಅಳತೆ ನೆಪಕ್ಕೆ. ನಾನು ಒಂದು ತಪ್ಪು ತೆಗೆದು ಅದಕ್ಕಿಂತ ದೊಡ್ಡದನ್ನು ಕೈಗೆ ಕೊಟ್ಟಿದ್ದೆ.

ಮುಂದಿನ ವರ್ಷ ಬೇರೆ ಮಕ್ಕಳು, ಅದೇ ಪ್ರಯೋಗ, ಮತ್ತೆ ಅದೇ ತಪ್ಪು. ಬಿಡುವಾಗ ‘ಒಂದು’ ಅನ್ನುವುದು ಎಲ್ಲರಿಗೂ ಸಹಜವಾಗಿ ಬರುತ್ತದೆ. ಈ ಸಲ ಅವರ ಐದು ರೀಡಿಂಗ್: 38.2, 38.4, 38.3, 38.5, 38.2. ಸರಾಸರಿ 38.32. ದಾರದ ಉದ್ದ ಒಂದು ಮೀಟರ್. ಉತ್ತರ 10.75.

ನಾನು ಬಾಯಿ ಬಿಡಲಿಲ್ಲ. ಹೇಳುವಷ್ಟು ಸುಲಭ ಅಲ್ಲ ಇದು. ಉತ್ತರ ನಾಲಿಗೆಯ ತುದಿಯಲ್ಲಿರುತ್ತದೆ, ಮಕ್ಕಳು ಮುಖ ಸಪ್ಪೆ ಮಾಡಿಕೊಂಡು ನಿಂತಿರುತ್ತಾರೆ, ಗಡಿಯಾರ ಓಡುತ್ತಿರುತ್ತದೆ. ಕ್ಲಾಸಿನ ಟೀಚರ್ ಕೂಡ ‘ಹೇಳಿಬಿಡಿ’ ಎನ್ನುವಂತೆ ನನ್ನ ಕಡೆ ನೋಡಿದರು. ನಾನು ಒಂದೇ ಪ್ರಶ್ನೆ ಕೇಳಿದೆ: ‘ಎಲ್ಲೆಲ್ಲಿ ತಪ್ಪಿರಬಹುದು, ಪಟ್ಟಿ ಮಾಡಿ. ಪ್ರತಿಯೊಂದರ ಪಕ್ಕ ಅದು ಉತ್ತರವನ್ನು ಮೇಲಕ್ಕೆ ತಳ್ಳುತ್ತಾ ಕೆಳಕ್ಕೆ ತಳ್ಳುತ್ತಾ ಅಂತ ಬರೀರಿ.’

ಈ ‘ಯಾವ ಕಡೆಗೆ’ ಎನ್ನುವ ಪ್ರಶ್ನೆ ನಮ್ಮ ಕಸುಬಿನದು. ತಪ್ಪಿನಲ್ಲಿ ಎರಡು ಜಾತಿ. ಒಂದು, ಅತ್ತ ಇತ್ತ ಓಡಾಡುವ ತಪ್ಪು. ಬೆರಳು ಒಮ್ಮೆ ಬೇಗ ಒತ್ತುತ್ತದೆ, ಒಮ್ಮೆ ತಡವಾಗಿ. ಜಾಸ್ತಿ ಸಲ ಅಳೆದು ಸರಾಸರಿ ತೆಗೆದರೆ ಅದು ತಗ್ಗುತ್ತದೆ. ಇನ್ನೊಂದು, ಯಾವಾಗಲೂ ಒಂದೇ ಕಡೆಗೆ ವಾಲುವ ತಪ್ಪು. ಸಾವಿರ ಸಲ ಅಳೆದರೂ ಅದು ಹೋಗುವುದಿಲ್ಲ. ರೀಡಿಂಗುಗಳು ಒಂದಕ್ಕೊಂದು ಚೆನ್ನಾಗಿ ಹೊಂದುತ್ತವೆ, ಅದಕ್ಕೇ ನಮಗೆ ಧೈರ್ಯ ಬಂದುಬಿಡುತ್ತದೆ. ಎಲ್ಲವೂ ಸೇರಿ ತಪ್ಪಾಗಿರುತ್ತವೆ. ಶಾಲೆಯಲ್ಲಿ ‘ಸರಾಸರಿ ತೆಗೆಯಿರಿ’ ಎಂದು ಎಲ್ಲರೂ ಕಲಿಸುತ್ತಾರೆ. ಸರಾಸರಿಯಿಂದ ಹೋಗದ ತಪ್ಪೂ ಇದೆ ಎಂದು ಹೇಳುವವರು ಕಡಿಮೆ. ನನಗೂ ಅದು ಕೆಲಸಕ್ಕೆ ಸೇರಿದ ಮೇಲೇ ಗೊತ್ತಾದದ್ದು.

ಮಕ್ಕಳು ಪಟ್ಟಿ ಮಾಡಿದರು. ಮೊದಲು ಸಿಕ್ಕಿಬಿದ್ದದ್ದು ದಾರದ ಉದ್ದ. ಅವರು ಗಂಟಿನವರೆಗೆ ಅಳೆದಿದ್ದರು, ನಟ್ಟಿನ ನಡುವಿನವರೆಗೆ ಅಳೆಯಬೇಕಿತ್ತು. ಒಂದು ಸೆಂಟಿಮೀಟರ್ ಸೇರಿತು. ಖುಷಿಯಿಂದ ಲೆಕ್ಕ ಮಾಡಿದರೆ 10.75 ಇದ್ದದ್ದು 10.86 ಆಯಿತು. ಒಂದು ತಪ್ಪು ತಿದ್ದಿದರೆ ಉತ್ತರ ಇನ್ನೂ ದೂರ ಹೋಯಿತು! ಒಬ್ಬ ಹುಡುಗ ಪೆನ್ ಕೆಳಗಿಟ್ಟುಬಿಟ್ಟ. ‘ತಿದ್ದಿದ್ದು ತಪ್ಪಾ ಮೇಡಂ?’ ಎಂದ. ‘ನಟ್ಟಿನ ನಡುವಿನವರೆಗೆ ಅಳೆಯೋದು ಸರಿ ಅಂತ ನಿನಗೆ ಅನ್ನಿಸುತ್ತಾ?’ ಎಂದೆ. ‘ಹೌದು.’ ‘ಹಾಗಿದ್ರೆ ಅದು ಹಾಗೇ ಇರಲಿ. ಉತ್ತರ ಇಷ್ಟ ಆಗಲಿಲ್ಲ ಅಂತ ಸರಿಯಾದ ಅಳತೆ ಬಿಡೋಕಾಗುತ್ತಾ?’ ಆ ದಿನ ಅಲ್ಲಿಗೇ ಮುಗಿಯಿತು. ಎರಡು ವಾರ 10.86 ಎಂದೇ ಬೋರ್ಡಿನ ಮೂಲೆಯಲ್ಲಿ ಬರೆದಿತ್ತಂತೆ.

ಮುಂದಿನ ಸಲ ಉಳಿದವನ್ನು ಒಂದೊಂದಾಗಿ ಹೊಡೆದುಹಾಕಿದರು. ಜಾಸ್ತಿ ಅಗಲಕ್ಕೆ ಎಳೆದು ಬಿಟ್ಟರೆ ಅವಧಿ ಹೆಚ್ಚುತ್ತದೆ, ಆಗ ಉತ್ತರ ಕೆಳಗೆ ಬರಬೇಕು. ಇಲ್ಲಿ ಮೇಲಿದೆ, ಹಾಗಾಗಿ ಅದು ಕಾರಣ ಅಲ್ಲ. ಸ್ಟಾಪ್‌ವಾಚನ್ನು ಇನ್ನೊಂದರ ಜೊತೆ ಹತ್ತು ನಿಮಿಷ ಓಡಿಸಿ ನೋಡಿದರು, ಸರಿಯಾಗಿತ್ತು. ಪಟ್ಟಿ ಖಾಲಿಯಾಯಿತು. ನಾನು ಆಗ ಕೊಟ್ಟ ಸುಳಿವು ಒಂದೇ: ‘ಇಪ್ಪತ್ತರ ಬದಲು ಹತ್ತು ಎಣಿಸಿ ನೋಡಿ. ಆಮೇಲೆ ಐವತ್ತು.’

ಹತ್ತಕ್ಕೆ 18.2 ಸೆಕೆಂಡ್, ಉತ್ತರ 12.04. ಐವತ್ತಕ್ಕೆ 98.8 ಸೆಕೆಂಡ್, ಉತ್ತರ 10.21.

ರೂಮಿನಲ್ಲಿ ಗದ್ದಲ ಎದ್ದಿತು. ದಾರ ಅದೇ, ನಟ್ ಅದೇ, ಭೂಮಿಯೂ ಅದೇ. ನಾವು ಎಷ್ಟು ಎಣಿಸುತ್ತೇವೆ ಎನ್ನುವುದಕ್ಕೂ ಗುರುತ್ವಕ್ಕೂ ಏನು ಸಂಬಂಧ? ಜಾಸ್ತಿ ಎಣಿಸಿದಷ್ಟೂ ಉತ್ತರ ಕೆಳಗೆ ಬರುತ್ತಿದೆ ಯಾಕೆ? ಅಷ್ಟು ದಿನ ಹೆಚ್ಚು ಮಾತಾಡದ ಒಬ್ಬಳು ಹುಡುಗಿ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಏನೋ ಕಳೆಯುತ್ತಿದ್ದಳು. 98.8ರಲ್ಲಿ 18.2 ಕಳೆದರೆ 80.6. ಐವತ್ತರಲ್ಲಿ ಹತ್ತು ಕಳೆದರೆ ನಲವತ್ತು. 80.6 ಭಾಗಿಸು 40, ಅಂದರೆ 2.015. ಅದನ್ನಿಟ್ಟು ಲೆಕ್ಕ ಮಾಡಿದರೆ 9.82. ಒಂದು ಕ್ಷಣ ಸುಮ್ಮನಿದ್ದಳು. ಆಮೇಲೆ ಬೆರಳು ಮಡಚಿ ಎಣಿಸಿದಳು. ‘ಏ, ನಾವು ಬಿಡುವಾಗಲೇ ಒಂದು ಅಂತಿದೀವಿ ಕಣ್ರೋ!’

ಕಳೆಯುವ ಉಪಾಯ ನಾನು ಹೇಳಿಕೊಟ್ಟದ್ದಲ್ಲ. ಎರಡರಲ್ಲೂ ಇರುವ ಒಂದೇ ತಪ್ಪು ಕಳೆದಾಗ ತಾನೇ ಹೊರಟುಹೋಗುತ್ತದೆ ಎಂದು ಅವಳಿಗೆ ಹೊಳೆದಿತ್ತು. ನಮ್ಮ ಲ್ಯಾಬಿನಲ್ಲಿ ತಕ್ಕಡಿ ನೋಡುವಾಗ ದಿನವೂ ಇದನ್ನೇ ಮಾಡುತ್ತೇವೆ. ಬಟ್ಟು ಇಟ್ಟಾಗಿನ ರೀಡಿಂಗಿನಿಂದ ಖಾಲಿ ಇದ್ದಾಗಿನ ರೀಡಿಂಗ್ ಕಳೆಯುತ್ತೇವೆ. ಅದನ್ನು ಅವಳಿಗೆ ಹೇಳಿದೆ. ಅವಳ ಮುಖ ಹೇಗೆ ಅರಳಿತು ಎಂದು ನನಗೆ ಬರೆಯಲು ಬರುವುದಿಲ್ಲ. ಅವಳು 9.82 ಎಂದೇ ಬರೆದಳು. ಕೊನೆಯ 2 ಅನ್ನು ಒರೆಸಲಿಲ್ಲ.

ಆ ದಿನವೇ ಅವರಿಗೆ ಜ್ಯಾಂ ರಿಶೇ ಎಂಬ ಫ್ರೆಂಚ್ ಖಗೋಳ ವಿಜ್ಞಾನಿಯ ವಿಷಯ ಹೇಳಿದೆ. 1672ರಲ್ಲಿ ಅವನು ದಕ್ಷಿಣ ಅಮೆರಿಕದ ಕಯೆನ್‌ಗೆ ಹೋಗಿದ್ದ. ಪ್ಯಾರಿಸಿನಲ್ಲಿ ಸರಿಯಾಗಿ ಓಡುತ್ತಿದ್ದ ಲೋಲಕದ ಗಡಿಯಾರ ಅಲ್ಲಿ ದಿನಕ್ಕೆ ಸುಮಾರು ಎರಡೂವರೆ ನಿಮಿಷ ಹಿಂದೆ ಬಿತ್ತು. ಗಡಿಯಾರ ಕೆಟ್ಟಿದೆ ಎಂದು ಅವನು ಕೈತೊಳೆದುಕೊಳ್ಳಲಿಲ್ಲ, ಅಳೆದು ಬರೆದಿಟ್ಟ. ಕಯೆನ್ ಇರುವುದು ಭೂಮಧ್ಯರೇಖೆಯ ಹತ್ತಿರ, ಅಲ್ಲಿ ಗುರುತ್ವ ಸ್ವಲ್ಪ ಕಡಿಮೆ, ಅದಕ್ಕೇ ಲೋಲಕ ನಿಧಾನವಾಗಿತ್ತು. ಭೂಮಿ ಧ್ರುವಗಳಲ್ಲಿ ಚಪ್ಪಟೆ ಎಂದು ವಾದಿಸುವಾಗ ನ್ಯೂಟನ್‌ಗೆ ಈ ಅಳತೆ ಬೇಕಾಯಿತು. ಪ್ರಯೋಗಕ್ಕೆ ಮೊದಲೇ ಈ ಕಥೆ ಹೇಳಿದ್ದರೆ ಮಕ್ಕಳು ಸುಮ್ನೆ ಕೇಳಿ ಮರೆಯುತ್ತಿದ್ದರು. ಎರಡು ವಾರ 10.86 ಹೊತ್ತು ತಿರುಗಿದವರು ಕೇಳುವ ರೀತಿಯೇ ಬೇರೆ. ‘ಅಂದರೆ 9.8 ಎಲ್ಲ ಕಡೆ ಒಂದೇ ಇರಲ್ವಾ?’ ಎಂದು ಒಬ್ಬ ಕೇಳಿದ. ಭೂಮಧ್ಯರೇಖೆಯಲ್ಲಿ 9.78, ಧ್ರುವದಲ್ಲಿ 9.83 ಎಂದೆ. ಪುಸ್ತಕದ ಅಂಕಿಯೂ ಯಾರೋ ಎಲ್ಲೋ ಅಳೆದದ್ದು ಎಂದು ಆಗ ಅವರಿಗೆ ಹೊಳೆಯಿತು.

ಮೆಂಟರ್ ಆಗಬೇಕೆಂದಿರುವವರು ಸಾಮಾನ್ಯವಾಗಿ ಕೇಳುವ ಕೆಲವು ಮಾತಿಗೆ ಇಲ್ಲೇ ಉತ್ತರ ಹೇಳಿಬಿಡುತ್ತೇನೆ. ಹದಿನೈದು ದಿನಕ್ಕೆ ಒಂದು ಗಂಟೆ ಸಾಕು, ಆದರೆ ಬರುತ್ತೇನೆ ಎಂದ ದಿನ ತಪ್ಪಿಸಬಾರದು. ಮಕ್ಕಳ ಜೊತೆ ಇರುವಾಗ ಶಾಲೆಯ ಒಬ್ಬ ಟೀಚರ್ ರೂಮಿನಲ್ಲಿ ಇರಲೇಬೇಕು, ಮೆಸೇಜು ಏನಿದ್ದರೂ ಅವರ ಮೂಲಕ. ಮೊದಲ ದಿನ ನಿಮ್ಮ ಕೆಲಸದ ಬಗ್ಗೆ ಭಾಷಣ ಬೇಡ. ಅದರ ಬದಲು ನಿಮ್ಮ ಸ್ವಂತ ನೋಟ್‌ಬುಕ್ ತೋರಿಸಬಹುದು. ಲ್ಯಾಬಿನಲ್ಲಿ ನಾವು ತಪ್ಪಿದ್ದನ್ನು ಅಳಿಸುವುದಿಲ್ಲ, ಓದಲು ಬರುವಂತೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ ಹಾಕುತ್ತೇವೆ. ಇಷ್ಟು ವರ್ಷ ಕೆಲಸ ಮಾಡಿದವರ ಪುಸ್ತಕದಲ್ಲೂ ಇಷ್ಟು ಗೆರೆ ಇದೆಯಾ ಎಂದು ಮಕ್ಕಳು ಬೆರಗಾಗಿ ನೋಡುತ್ತಾರೆ. ರಬ್ಬರನ್ನು ಅವರೇ ಪೆಟ್ಟಿಗೆಗೆ ಹಾಕುತ್ತಾರೆ.

ಆಫೀಸಿನಲ್ಲೂ ನಾನು ಬದಲಾದೆ. ಹೊಸದಾಗಿ ಸೇರಿದ ಹುಡುಗನೊಬ್ಬ ಒಂದು ದಿನ ಬಂದು, ಬಟ್ಟಿನ ತೂಕ ಪ್ರತಿ ಸಲ ಕಡಿಮೆ ಬರುತ್ತಿದೆ, ನಿಧಾನಕ್ಕೆ ಏರುತ್ತಿದೆ ಎಂದ. ಕಾರಣ ನನಗೆ ಗೊತ್ತಿತ್ತು. ಮೊದಲಿನ ನಾನಾಗಿದ್ದರೆ ‘ಎರಡು ಗಂಟೆ ಬಿಟ್ಟು ತೂಗು’ ಎಂದು ಕಂಪ್ಯೂಟರ್ ಕಡೆ ತಿರುಗುತ್ತಿದ್ದೆ. ಈ ಸಲ ‘ಎಷ್ಟು ಹೊತ್ತು ಏರುತ್ತೆ? ನಿಂತ ಮೇಲೆ ಎಷ್ಟಿರುತ್ತೆ?’ ಎಂದು ಮಾತ್ರ ಕೇಳಿದೆ. ಮಧ್ಯಾಹ್ನ ಅವನೇ ಬಂದ. ಬಟ್ಟು ಪಕ್ಕದ ಬೆಚ್ಚಗಿನ ರೂಮಿನಿಂದ ಆಗಷ್ಟೇ ಬಂದಿತ್ತು. ಬಿಸಿ ಬಟ್ಟಿನ ಸುತ್ತ ಗಾಳಿ ಮೇಲಕ್ಕೇಳುತ್ತದೆ, ಅದು ಬಟ್ಟನ್ನೂ ಸ್ವಲ್ಪ ಎತ್ತುತ್ತದೆ, ತೂಕ ಕಡಿಮೆ ಕಾಣುತ್ತದೆ. ಆರಿದಂತೆ ಸರಿಯಾಗುತ್ತದೆ. ಅವನು ಅದನ್ನು ಓದಿ ತಿಳಿದದ್ದಲ್ಲ, ಇಟ್ಟು ಕಾದು ನೋಡಿ ತಿಳಿದದ್ದು. ಈಗ ಹೊರಗಿನಿಂದ ಬಂದ ಬಟ್ಟು ಕಂಡರೆ ಯಾರೂ ಹೇಳದೆ ಪಕ್ಕಕ್ಕಿಟ್ಟು ಹೊತ್ತು ಬರೆಯುತ್ತಾನೆ. ನನಗೆ ಅರ್ಧ ದಿನ ಹೋಯಿತು ಎನ್ನಬಹುದು. ಆಮೇಲೆ ಆ ಪ್ರಶ್ನೆ ಹೊತ್ತು ಅವನು ನನ್ನ ಟೇಬಲ್ಲಿಗೆ ಒಮ್ಮೆಯೂ ಬಂದಿಲ್ಲ.

ಎಲ್ಲ ಸಲವೂ ಸುಮ್ಮನಿರುವುದು ಸರಿಯಲ್ಲ, ಇದನ್ನೂ ಹೇಳಬೇಕು. ಗಾಜು ಒಡೆಯುವಂತಿದ್ದರೆ, ಕೈ ಸುಡುವಂತಿದ್ದರೆ ಕೂಗಿ ನಿಲ್ಲಿಸುತ್ತೇನೆ. ಮಕ್ಕಳು ಒಂದೇ ಕಡೆ ಬಹಳ ಹೊತ್ತು ಸುತ್ತಿ ಕಣ್ಣಲ್ಲಿ ನೀರು ಬರುವ ಹಾಗಿದ್ದರೆ ಸುಳಿವು ಕೊಡುತ್ತೇನೆ. ಆದರೆ ಸುಳಿವು ಅವರು ಮಾಡಿ ನೋಡಬಹುದಾದದ್ದಾಗಿರಬೇಕು. ‘ಹತ್ತು ಎಣಿಸಿ ನೋಡಿ’ ಎನ್ನುವುದು ಹಾಗೆ. ‘ಸೊನ್ನೆಯಿಂದ ಎಣಿಸಿ’ ಎಂದರೆ ಮಾಡಿ ನೋಡಲು ಏನೂ ಉಳಿಯುವುದಿಲ್ಲ. ಇವೆರಡರ ನಡುವಿನ ಗೆರೆ ಎಲ್ಲಿದೆ ಎಂದು ನಾನು ಇನ್ನೂ ಪ್ರತಿ ವರ್ಷ ಕಲಿಯುತ್ತಿದ್ದೇನೆ.

ವರ್ಷದ ಕೊನೆಯ ಭೇಟಿಯಲ್ಲಿ, ಮುಂದಿನ ತಂಡಕ್ಕಾಗಿ ಒಂದು ಹಾಳೆ ಬರೆದಿಡಿ ಎಂದಿದ್ದೆ. ಕಳೆದು ನೋಡಿದ ಹುಡುಗಿಯೇ ಬರೆದಳು. ದಾರ ಹಿಗ್ಗದಂಥದ್ದು ಬೇಕು, ನಟ್ಟಿನ ನಡುವಿನವರೆಗೆ ಅಳೆಯಬೇಕು, ಜಾಸ್ತಿ ಅಗಲಕ್ಕೆ ಎಳೆಯಬಾರದು, ಫ್ಯಾನ್ ಆರಿಸಬೇಕು. ಎಲ್ಲವೂ ಇತ್ತು. ಎಣಿಕೆಯ ವಿಷಯ ಮಾತ್ರ ಇರಲಿಲ್ಲ. ಮರೆತಿರಬೇಕು ಎಂದುಕೊಂಡು, ‘ಸೊನ್ನೆಯ ವಿಷಯ ಬಿಟ್ಟುಹೋಗಿದೆ ಅಲ್ವಾ?’ ಎಂದೆ. ಅವಳು ಹಾಳೆಯನ್ನು ಹಿಂದಕ್ಕೆ ತೆಗೆದುಕೊಂಡು ಸ್ವಲ್ಪ ಹೊತ್ತು ಯೋಚಿಸಿದಳು. ಆಮೇಲೆ ಕೆಳಗೆ ಒಂದು ಸಾಲು ಸೇರಿಸಿದಳು:

‘10, 20, 50. ಮೂರೂ ಎಣಿಸಿ ನೋಡಿ.’